ನೆಲ್ಸನ್ನನ ಗೆಳೆಯ ಕಾಲಿಂಗ್‌ವುಡ್

ಟ್ರಫಾಲ್ಗರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವವನು ನೆಲ್ಸನ್. ಒಂದು ಕೈಯನ್ನೂ ಒಂದು ಕಣ್ಣಿನ ದೃಷ್ಟಿಯನ್ನೂ ಯುದ್ಧಕ್ಕೆ ಒಪ್ಪಿಸಿದ ಆ ಕೃಶಶರೀರದ ವೀರನನ್ನು ಇತಿಹಾಸದ ಪುಸ್ತಕಗಳಲ್ಲಿ ಕಾಣದವರು ವಿರಳ. ೧೮೦೫ನೆಯ ಇಸವಿ ಅಕ್ಟೋಬರ್ ೨೧ರ ಮಧ್ಯಾಹ್ನ ಗುಂಡು ತಗುಲಿ ಅವನು ಬಿದ್ದನು. ಸಂಜೆ ನಾಲ್ಕೂವರೆಯ ಸುಮಾರಿಗೆ ಪ್ರಾಣಬಿಟ್ಟನು. ಪಾಠ ಅಲ್ಲಿಗೆ ಮುಗಿಯುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅಂದಿನ ಸಂಜೆ ಸ್ಪೇನಿನ ಕರಾವಳಿಯ ಬಳಿ ಹಾಯಿಗಂಬ ಮುರಿದ ಹಡಗುಗಳು ತೇಲುತ್ತಿದ್ದವು. ಅವುಗಳಲ್ಲಿ ಸಾವಿರಾರು ಜನ ಗಾಯಾಳುಗಳೂ ಸೆರೆಯಾಳುಗಳೂ ಇದ್ದರು. ಅವೆಲ್ಲವನ್ನೂ ದಡದ ಬಂಡೆಗಳ ಕಡೆಗೆ ತಳ್ಳುವ ಗಾಳಿಯೊಂದು ಏಳುತ್ತಿತ್ತು. ಆ ಹೊರೆ ಯಾರ ತಲೆಯ ಮೇಲೆ ಬಿದ್ದಿತು? ಕತ್‌ಬರ್ಟ್ ಕಾಲಿಂಗ್‌ವುಡ್ ಎಂಬುವನ ಮೇಲೆ. ಒಂದು ಮಧ್ಯಾಹ್ನದಲ್ಲಿ ಪ್ರಾಣ ಕೊಡುವುದು ನೆಲ್ಸನ್ನನ ಪಾಲಿಗೆ ಬಂದಿತು. ಪ್ರಾಣವನ್ನು ದಿನದಿನವೂ ಇಷ್ಟಿಷ್ಟಾಗಿ ತೆತ್ತು ತೀರಿಸುವುದು ಇವನ ಪಾಲಿಗೆ ಬಂದಿತು.

ಕಾಲಿಂಗ್‌ವುಡ್ ಹುಟ್ಟಿದ್ದು ೧೭೪೮ರಲ್ಲಿ, ಇಂಗ್ಲೆಂಡಿನ ಉತ್ತರ ಭಾಗದ ನ್ಯೂಕ್ಯಾಸಲ್ ಪಟ್ಟಣದಲ್ಲಿ. ತಂದೆ ವ್ಯಾಪಾರಿ, ಅನುಕೂಲಸ್ಥನೇನೂ ಅಲ್ಲ. ಮನೆತನಕ್ಕೆ ಹಳೆಯ ಹೆಸರಿತ್ತು, ಹಣವಿರಲಿಲ್ಲ. ಹುಡುಗ ಊರಿನ ಗ್ರಾಮರ್ ಶಾಲೆಯಲ್ಲಿ ಹ್ಯೂ ಮೊಯ್ಸಸ್ ಎಂಬ ಪಾದ್ರಿಯ ಬಳಿ ಓದಿದನು. ಮುಂದೆ ಇಂಗ್ಲೆಂಡಿನ ಲಾರ್ಡ್ ಛಾನ್ಸಲರ್ ಪದವಿಗೇರಿದ ಎಲ್ಡನ್ ಪ್ರಭುವೂ ಅದೇ ಶಾಲೆಯವನು. ಕಾಲಿಂಗ್‌ವುಡ್ಡನ ಶಾಲೆಯ ಓದು ಹನ್ನೆರಡನೆಯ ವಯಸ್ಸಿಗೇ ಮುಗಿಯಿತು. ೧೭೬೧ರಲ್ಲಿ ಅವನನ್ನು ಬಂಧುವೊಬ್ಬನು ಕ್ಯಾಪ್ಟನ್ ಆಗಿದ್ದ ‘ಶಾನನ್’ ಹಡಗಿಗೆ ಹತ್ತಿಸಿದರು. ಮನೆ ಬಿಟ್ಟ ದುಃಖ ತಾಳಲಾರದೆ ಹುಡುಗ ಒಂದು ಮೂಲೆಯಲ್ಲಿ ಕುಳಿತು ಅಳುತ್ತಿದ್ದನಂತೆ. ಹಡಗಿನ ಲೆಫ್ಟಿನೆಂಟನೊಬ್ಬನು ಬಂದು ಮೃದುವಾಗಿ ಮಾತನಾಡಿಸಲು, ಅವನ ಕೈಹಿಡಿದು ತನ್ನ ಪೆಟ್ಟಿಗೆಯ ಬಳಿಗೆ ಕರೆದೊಯ್ದು, ತಾಯಿ ಕಟ್ಟಿಕೊಟ್ಟಿದ್ದ ಕೇಕಿನಲ್ಲಿ ದೊಡ್ಡದೊಂದು ತುಂಡನ್ನು ಕೊಟ್ಟನಂತೆ. ಮುಂದೆ ಅಡ್ಮಿರಲ್ ಆದವನು ಅಧಿಕಾರಿಗಳ ಒಳ್ಳೆಯ ಮಾತಿಗೆ ಅಷ್ಟೊಂದು ಬೆಲೆ ಕೊಟ್ಟುದರ ಮೂಲ ಈ ಕೇಕಿನ ತುಂಡಿನಲ್ಲಿತ್ತೋ ಏನೋ.

ಆ ಕಾಲದ ನೌಕಾದಳದಲ್ಲಿ ಮೇಲೆ ಬರಬೇಕಾದರೆ ಕೈಹಿಡಿದು ಎತ್ತುವವರು ಬೇಕು. ಕಾಲಿಂಗ್‌ವುಡ್ಡನಿಗೆ ಅಂಥವರಿರಲಿಲ್ಲ. ಲೆಫ್ಟಿನೆಂಟ್ ಆಗಲು ಅವನಿಗೆ ಹದಿನಾಲ್ಕು ವರ್ಷ ಹಿಡಿಯಿತು. ೧೭೭೫ರಲ್ಲಿ ಅಮೆರಿಕದ ವಸಾಹತುಗಳು ಬಂಡೆದ್ದಾಗ, ಬಾಸ್ಟನ್ನಿನ ಹತ್ತಿರ ಬಂಕರ್ ಹಿಲ್ ಎಂಬಲ್ಲಿ ನಡೆದ ಕಾಳಗದ ದಿನ ನಾವಿಕರ ಒಂದು ತುಕಡಿಯೊಡನೆ ದಡಕ್ಕಿಳಿದು ಕೆಲಸ ಮಾಡಿದನು. ಆಗ ಆ ಪದವಿ ಸಿಕ್ಕಿತು. ಅಷ್ಟರಲ್ಲಿ ಅವನಿಗೆ ನೆಲ್ಸನ್ನನ ಪರಿಚಯವಾಗಿತ್ತು. ನೆಲ್ಸನ್ ಇವನಿಗಿಂತ ಹತ್ತು ವರ್ಷ ಚಿಕ್ಕವನು. ಆದರೆ ಅವನ ಸೋದರಮಾವ ನೌಕಾದಳದಲ್ಲಿ ದೊಡ್ಡ ಸ್ಥಾನದಲ್ಲಿದ್ದನು. ವೆಸ್ಟ್ ಇಂಡೀಸ್ ದ್ವೀಪಗಳ ಬಳಿ ನೆಲ್ಸನ್ ಒಂದು ಹಡಗಿನಿಂದ ಬಡ್ತಿ ಪಡೆದು ಹೊರಟರೆ, ಅವನು ಬಿಟ್ಟ ಜಾಗಕ್ಕೆ ಕಾಲಿಂಗ್‌ವುಡ್ ಬರುವನು. ಒಮ್ಮೆಯಲ್ಲ, ಮೂರು ಸಲ ಹೀಗಾಯಿತು. ನೆಲ್ಸನ್ ೧೭೭೯ರಲ್ಲಿ ಕ್ಯಾಪ್ಟನ್ ಆದರೆ ಇವನು ೧೭೮೦ರಲ್ಲಿ. ಆ ಒಂದು ಮೆಟ್ಟಿಲಿನ ಅಂತರ ಕೊನೆಯವರೆಗೂ ಉಳಿಯಿತು. ಇಂತಹ ಕಡೆ ಅಸೂಯೆ ಮೊಳೆಯುವುದು ಲೋಕರೂಢಿ. ಇವರಲ್ಲಿ ಮೊಳೆತದ್ದು ಜೀವದ ಗೆಳೆತನ. ಆಂಟಿಗ್ವಾ ದ್ವೀಪದಲ್ಲಿದ್ದಾಗ ಒಬ್ಬರ ಚಿತ್ರವನ್ನೊಬ್ಬರು ಬರೆದರು. ಜ್ವರದಿಂದ ಕೂದಲು ಕಳೆದುಕೊಂಡು ಹಳದಿ ಟೋಪನ್ ಧರಿಸಿದ ನೆಲ್ಸನ್ನನ ಆ ಚಿತ್ರ, ಕಾಲಿಂಗ್‌ವುಡ್ ಬರೆದದ್ದು, ಉಳಿದು ಬಂದಿದೆ.

ಆ ಸಮುದ್ರದಲ್ಲಿ ಶತ್ರುವಿಗಿಂತ ಜ್ವರವೇ ಹೆಚ್ಚು ಜನರನ್ನು ಕೊಂದಿತು. ೧೭೮೦ರಲ್ಲಿ ನಿಕರಾಗುವದ ಸಾನ್ ಹ್ವಾನ್ ನದಿಯ ಮುಖದಲ್ಲಿ ಅವನ ಹಡಗು ನಿಂತಿದ್ದಾಗ, ಇದ್ದ ೨೦೦ ಜನರಲ್ಲಿ ೧೮೦ ಜನರನ್ನು ನಾಲ್ಕು ತಿಂಗಳಲ್ಲಿ ಹೂಳಬೇಕಾಯಿತು. ಮರುವರ್ಷ ಬೇರೊಂದು ಹಡಗು ಚಂಡಮಾರುತಕ್ಕೆ ಸಿಕ್ಕಿ ಬಂಡೆಗೆ ಬಡಿದು ಒಡೆಯಿತು, ಅಲ್ಲಿಯೂ ಉಳಿದನು.

೧೭೯೧ರಲ್ಲಿ ನಲವತ್ತೆರಡನೆಯ ವಯಸ್ಸಿನಲ್ಲಿ ಸಾರಾ ಬ್ಲ್ಯಾಕೆಟ್ ಎಂಬವಳನ್ನು ಮದುವೆಯಾಗಿ, ಮಾರ್ಪೆತ್ ಎಂಬ ಸಣ್ಣ ಊರಿನಲ್ಲಿ ಮನೆ ಮಾಡಿದನು. ಎರಡು ಹೆಣ್ಣುಮಕ್ಕಳಾದವು. ಅಷ್ಟರಲ್ಲಿ, ೧೭೯೩ರಲ್ಲಿ, ಫ್ರಾನ್ಸಿನೊಡನೆ ಯುದ್ಧ ಮೊದಲಾಯಿತು. ನಡುವೆ ಒಂದು ವರ್ಷದ ಬಿಡುವನ್ನು ಬಿಟ್ಟರೆ ಆ ಯುದ್ಧ ಅವನ ಜೀವಮಾನದಲ್ಲಿ ಮುಗಿಯಲೇ ಇಲ್ಲ.

೧೭೯೪ರ ಜೂನ್ ಒಂದರ ದೊಡ್ಡ ಕಾಳಗದಲ್ಲಿ ಅವನು ‘ಬಾರ್‌ಫ್ಲ್ಯೂರ್’ ಹಡಗಿನ ಕ್ಯಾಪ್ಟನ್. ಅದರಲ್ಲಿದ್ದ ಅಡ್ಮಿರಲನ ಕಾಲಿಗೆ ಗುಂಡು ತಗುಲಿ ಅವನು ಕಾಲಿಂಗ್‌ವುಡ್ಡನ ತೋಳುಗಳಲ್ಲಿಯೇ ಕುಸಿದನು. ಹಡಗನ್ನು ಕೊನೆಯವರೆಗೆ ಕಾದಾಡಿಸಿದವನು ಕಾಲಿಂಗ್‌ವುಡ್. ಆದರೆ ಸೇನಾಧಿಪತಿ ಹೋ ಪ್ರಭು ಕಳುಹಿಸಿದ ವರದಿಯಲ್ಲಿ ಅವನ ಹೆಸರು ಬಿಟ್ಟುಹೋಯಿತು, ಪದಕವೂ ಬರಲಿಲ್ಲ. ಅವನು ಗಲಾಟೆ ಮಾಡಲಿಲ್ಲ, ಮರೆಯಲೂ ಇಲ್ಲ. ಮೂರು ವರ್ಷದ ಮೇಲೆ, ೧೭೯೭ರ ಫೆಬ್ರವರಿ ೧೪ರಂದು, ಸೇಂಟ್ ವಿನ್ಸೆಂಟ್ ಭೂಶಿರದ ಬಳಿ ಸ್ಪೇನಿನ ದಳದೊಡನೆ ಕಾಳಗವಾಯಿತು. ನೆಲ್ಸನ್ನನ ಹಡಗು ಶತ್ರುಗಳ ನಡುವೆ ಜರ್ಝರಿತವಾಗಿದ್ದಾಗ ಕಾಲಿಂಗ್‌ವುಡ್ ತನ್ನ ‘ಎಕ್ಸಲೆಂಟ್’ ಹಡಗನ್ನು ನಡುವೆ ನುಗ್ಗಿಸಿ ಆ ಏಟುಗಳನ್ನು ತನ್ನ ಮೇಲೆಳೆದುಕೊಂಡನು. ಈ ಸಲ ಪದಕ ಕೊಡಹೊರಟರು. ಜೂನ್ ಒಂದರ ಪದಕವನ್ನು ಕೊಡದೆ ಇದನ್ನು ಮುಟ್ಟೆನೆಂದು ಅವನು ತಿಳಿಸಿದನು. ಎರಡನ್ನೂ ಒಟ್ಟಿಗೆ ಕಳುಹಿಸಿಕೊಟ್ಟರು.

ಅವನ ಹಡಗಿನ ಆಡಳಿತದ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಆ ಮನುಷ್ಯನ ದೊಡ್ಡತನ ಕಾಳಗಗಳಿಗಿಂತ ಇದರಲ್ಲಿಯೇ ಹೆಚ್ಚು ಕಾಣುತ್ತದೆ ಎಂದು ನನಗೆ ತೋರುತ್ತದೆ. ಆಗಿನ ಹಡಗುಗಳಲ್ಲಿ ಚಾವಟಿಯೇ ಕಾನೂನು. ನಾವಿಕನನ್ನು ಮರದ ಚೌಕಟ್ಟಿಗೆ ಕಟ್ಟಿ, ಎಲ್ಲರ ಮುಂದೆ ಬೆನ್ನಿನ ಚರ್ಮ ಸುಲಿಯುವಂತೆ ಹೊಡೆಯುವುದು ದಿನನಿತ್ಯದ ಮಾತಾಗಿತ್ತು. ಬಹುಮಂದಿಯನ್ನು ಬೀದಿಯಿಂದ ಬಲಾತ್ಕಾರವಾಗಿ ಹಿಡಿದು ತಂದು ದುಡಿಸುತ್ತಿದ್ದ ದಳ ಅದು. ಹೆದರಿಕೆಯೊಂದೇ ಅವರನ್ನು ಹಿಡಿದಿಡುವ ಹಗ್ಗವೆಂದು ಅನೇಕ ಕ್ಯಾಪ್ಟನ್ನರ ನಂಬಿಕೆ. ಕಾಲಿಂಗ್‌ವುಡ್ಡನಿಗೆ ಆ ನಂಬಿಕೆ ಇರಲಿಲ್ಲ. ತಪ್ಪಿತಸ್ಥನ ಪಾಲಿನ ಮದ್ಯಕ್ಕೆ ನೀರು ಬೆರೆಸುವುದು, ಸಂಗಡಿಗರ ಪಂಕ್ತಿಯಿಂದ ಹೊರಗಿಡುವುದು, ಹೆಚ್ಚಿನ ಕೆಲಸ ಹೊರಿಸುವುದು, ಇಂತಹವು ಅವನ ಶಿಕ್ಷೆಗಳು. ಒಮ್ಮೆಯೂ ಚಾವಟಿ ಎತ್ತದೆ ವರ್ಷಕ್ಕೂ ಮೇಲ್ಪಟ್ಟು ಕಳೆದದ್ದುಂಟೆಂದು ಅವನ ಅಳಿಯ ಬರೆದಿಟ್ಟಿದ್ದಾನೆ. ಎಳೆಯ ಅಧಿಕಾರಿಗಳು ನಾವಿಕರನ್ನು ಕೀಳುಮಾತಿನಿಂದ ಕರೆದರೆ ಅವನು ಸಹಿಸುತ್ತಿರಲಿಲ್ಲ. ಹೆಸರು ಗೊತ್ತಿಲ್ಲದಿದ್ದರೆ ನಾವಿಕನೆಂದೇ ಮರ್ಯಾದೆಯಿಂದ ಕರೆಯಬೇಕು. ೧೭೯೭ರಲ್ಲಿ ಇಂಗ್ಲಿಷ್ ನೌಕಾದಳದಲ್ಲಿಯೇ ದಂಗೆಗಳಾದಾಗ, ಹೇಳಿದ ಮಾತು ಕೇಳದವರನ್ನು ಆರಿಸಿ ಇವನ ಹಡಗಿಗೆ ಕಳುಹಿಸುವುದು ಸೇನಾಧಿಪತಿಯ ಪದ್ಧತಿಯಾಯಿತು.

ಹಾಗೆಂದು ಇವನು ಬೆಣ್ಣೆಯಂತಹ ಮನುಷ್ಯನೆಂದು ಯಾರೂ ತಿಳಿಯಬಾರದು. ಬೇರೊಂದು ಹಡಗಿನಲ್ಲಿ ತನ್ನ ಅಧಿಕಾರಿಗಳ ಕಡೆಗೇ ಫಿರಂಗಿ ತಿರುಗಿಸಿದ್ದ ಒಬ್ಬ ಬಂಡುಕೋರ ಇವನ ಬಳಿಗೆ ಬಂದಾಗ, ಇಲ್ಲಿ ಅಂತಹ ಲಕ್ಷಣ ಕಂಡರೆ ಪೀಪಾಯಿಯಲ್ಲಿ ಹಾಕಿ ಮುಚ್ಚಿ ಸಮುದ್ರಕ್ಕೆ ಎಸೆಯಿಸುವೆನೆಂದು ಎಲ್ಲರೆದುರಿಗೆ ಹೇಳಿದನು. ಅವನು ಆಡಿದುದನ್ನು ಮಾಡುವವನೆಂದು ನಾವಿಕರಿಗೆ ಗೊತ್ತಿತ್ತು. ಪೀಪಾಯಿಯ ಅಗತ್ಯ ಬೀಳಲಿಲ್ಲ. ಇನ್ನು ಅವನ ಕೈಕೆಳಗಿನ ಕ್ಯಾಪ್ಟನ್ನರಲ್ಲಿ ಕೆಲವರಿಗೆ ಅವನು ಶುಷ್ಕನೆನಿಸಿದ್ದನು. ನೆಲ್ಸನ್ ಎಲ್ಲರನ್ನೂ ಊಟಕ್ಕೆ ಕರೆದು ನಕ್ಕು ನಗಿಸುವನು. ಇವನು ತನ್ನ ಕೋಣೆಯಲ್ಲಿ ಕಾಗದ ಬರೆಯುತ್ತ ಕೂರುವನು. ಜೊತೆಗೆ ಇರುತ್ತಿದ್ದುದು ಬೌನ್ಸ್ ಎಂಬ ನಾಯಿ.

೧೮೦೨ರಲ್ಲಿ ಶಾಂತಿಯ ಒಪ್ಪಂದವಾಗಿ ಅವನು ಮಾರ್ಪೆತ್ತಿಗೆ ಬಂದನು. ತೋಟ ಅಗೆದನು, ಮಕ್ಕಳಿಗೆ ಪಾಠ ಹೇಳಿದನು. ಜೇಬಿನಲ್ಲಿ ಓಕ್ ಮರದ ಬೀಜಗಳನ್ನು ತುಂಬಿಕೊಂಡು ಬೌನ್ಸನನ್ನು ಕರೆದುಕೊಂಡು ತಿರುಗಾಡುತ್ತ, ಬೇಲಿಯ ಸಂದಿನಲ್ಲಿ, ಗುಡ್ಡದ ಇಳಿಜಾರಿನಲ್ಲಿ, ಒಳ್ಳೆಯ ಮಣ್ಣು ಕಂಡಲ್ಲೆಲ್ಲ ಒಂದೊಂದು ಬೀಜವನ್ನು ಊರುವುದು ಅವನ ಅಭ್ಯಾಸ. ಯುದ್ಧದ ಹಡಗೊಂದನ್ನು ಕಟ್ಟಲು ಸಾವಿರಾರು ಓಕ್ ಮರಗಳು ಬೇಕು; ಮರ ಬಲಿಯಲು ನೂರು ವರ್ಷ ಬೇಕು. ಮರ ಕಡಿಯುವವರಿದ್ದಾರೆ, ನೆಡುವವರಿಲ್ಲ ಎಂಬುದು ಅವನ ಚಿಂತೆ. ಸುಮಾರು ಒಂದು ವರ್ಷ ಈ ಸುಖ ನಡೆಯಿತು. ೧೮೦೩ರಲ್ಲಿ ಯುದ್ಧ ಮತ್ತೆ ಹೊತ್ತಿಕೊಂಡಿತು. ಅವನು ಮನೆಯ ಬಾಗಿಲು ದಾಟಿ ಹೊರಟನು. ಹೆಂಡತಿಯನ್ನಾಗಲಿ ಮಕ್ಕಳನ್ನಾಗಲಿ ಅವನು ಮತ್ತೆ ನೋಡಲಿಲ್ಲ. ಆಗ ಮಕ್ಕಳಿಗೆ ಹತ್ತು, ಹನ್ನೊಂದು ವರ್ಷ.

೧೮೦೫ರ ಆಗಸ್ಟಿನಲ್ಲಿ ಸ್ಪೇನಿನ ಕಾಡಿಜ್ ಬಂದರನ್ನು ಮೂರೇ ಮೂರು ದೊಡ್ಡ ಹಡಗುಗಳೊಡನೆ ಕಾಯುತ್ತಿದ್ದಾಗ, ಫ್ರೆಂಚ್ ಅಡ್ಮಿರಲ್ ವಿಲ್ನೆವ್ ಅದರ ಎಷ್ಟೋ ಪಟ್ಟು ದೊಡ್ಡ ದಳದೊಡನೆ ಬಂದನು. ಕಾಲಿಂಗ್‌ವುಡ್ ಹಿಂದೆ ಸರಿದನು, ಓಡಿಹೋಗಲಿಲ್ಲ. ವಿಲ್ನೆವ್ ಬಂದರಿನೊಳಗೆ ಸೇರಿದೊಡನೆ ಮರಳಿ ಬಂದು ಬಾಗಿಲಿನಲ್ಲಿ ನಿಂತನು; ದಿಗಂತದಾಚೆ ಇಂಗ್ಲಿಷ್ ಹಡಗುಗಳ ದೊಡ್ಡ ದಂಡೇ ಇರುವುದೋ ಎಂಬಂತೆ ಇಲ್ಲದ ಹಡಗುಗಳಿಗೆ ಬಾವುಟದ ಸಂಜ್ಞೆಗಳನ್ನು ಮಾಡತೊಡಗಿದನು. ಹುಲಿಯನ್ನು ಗುಹೆಗೆ ಹೊಗಿಸಿ ಬಾಗಿಲಲ್ಲಿ ಕುರಿಕಾಯುವವನು ಕೋಲು ಹಿಡಿದು ನಿಂತ ಹಾಗಾಯಿತು. ನೆಲ್ಸನ್ ಬರುವವರೆಗೆ ಆ ಬಾಗಿಲು ತೆರೆಯಲಿಲ್ಲ.

ಅಕ್ಟೋಬರ್ ೨೧ರಂದು ಶತ್ರುಗಳ ೩೩ ಹಡಗುಗಳನ್ನು ೨೭ ಇಂಗ್ಲಿಷ್ ಹಡಗುಗಳು ಎರಡು ಸಾಲಾಗಿ ಎದುರಿಸಿದುವು. ಒಂದು ಸಾಲಿಗೆ ನೆಲ್ಸನ್, ಇನ್ನೊಂದಕ್ಕೆ ಕಾಲಿಂಗ್‌ವುಡ್. ಅಂದು ಬೆಳಿಗ್ಗೆ ಇವನು ಎಂದಿನಂತೆ ಶಾಂತವಾಗಿ ಮುಖಕ್ಷೌರ ಮಾಡಿಕೊಂಡನು. ಬೂಟುಗಳನ್ನು ತೊಟ್ಟಿದ್ದ ಲೆಫ್ಟಿನೆಂಟನನ್ನು ಕಂಡು, ಅವುಗಳನ್ನು ಬಿಚ್ಚಿ ರೇಷ್ಮೆಯ ಕಾಲುಚೀಲ ಹಾಕಿಕೊಳ್ಳುವುದು ಮೇಲು, ಕಾಲಿಗೆ ಗುಂಡು ತಗುಲಿದರೆ ವೈದ್ಯನಿಗೆ ಸುಲಭವಾಗುತ್ತದೆ ಎಂದು ಬುದ್ಧಿ ಹೇಳಿದನು. ನೆಲ್ಸನ್ನನ ಆ ಲೋಕಪ್ರಸಿದ್ಧ ಸಂದೇಶದ ಬಾವುಟಗಳು ಏರಿದಾಗ, ಮಾಡಬೇಕಾದುದು ನಮಗೆಲ್ಲ ಗೊತ್ತಿದೆಯಲ್ಲ, ಈತ ಸಂಜ್ಞೆ ಮಾಡುವುದನ್ನು ನಿಲ್ಲಿಸಬಾರದೆ ಎಂದು ಗೊಣಗಿದನಂತೆ. ಅದರ ಅರ್ಥ ತಿಳಿದ ಮೇಲೆ ಮೆಚ್ಚಿಕೊಂಡನಂತೆ.

ಅವನ ‘ರಾಯಲ್ ಸಾವರಿನ್’ ಹಡಗಿನ ತಳಕ್ಕೆ ಹೊಸದಾಗಿ ತಾಮ್ರದ ತಗಡು ಹೊದಿಸಿದ್ದರು. ಆದ್ದರಿಂದ ಅದು ಉಳಿದೆಲ್ಲವನ್ನೂ ಹಿಂದೆ ಹಾಕಿ ಒಂಟಿಯಾಗಿ ಶತ್ರುಗಳ ಸಾಲಿಗೆ ನುಗ್ಗಿತು. ೧೧೨ ಫಿರಂಗಿಗಳ ‘ಸಾಂತಾ ಆನಾ’ ಹಡಗಿನ ಹಿಂಬದಿಗೆ ಬಂದು ಒಂದೇ ಸಲಕ್ಕೆ ಎಲ್ಲ ಫಿರಂಗಿಗಳನ್ನೂ ಹಾರಿಸಿತು. ಕಾಲಿಂಗ್‌ವುಡ್ ಫಿರಂಗಿಯ ಅಭ್ಯಾಸದಲ್ಲಿ ಹಟವಾದಿ; ಹಿಂದಿನ ಹಡಗಿನಲ್ಲಿ ಮೂರೂವರೆ ನಿಮಿಷದಲ್ಲಿ ಮೂರು ಸಲ ಹಾರಿಸುವಷ್ಟು ಜನರನ್ನು ಪಳಗಿಸಿದ್ದನು. ಸುಮಾರು ಕಾಲುಗಂಟೆಯ ಕಾಲ ಅವನ ಹಡಗೊಂದೇ ಶತ್ರುಗಳ ಬೆಂಕಿಯ ನಡುವೆ ನಿಂತಿತ್ತು. ಆ ಹೊತ್ತಿನಲ್ಲಿ ಅವನು ಸೇಬನ್ನು ಕಡಿಯುತ್ತ ಅಟ್ಟದ ಮೇಲೆ ಅಡ್ಡಾಡುತ್ತಿದ್ದನೆಂದು ಹೇಳುತ್ತಾರೆ. ‘ಸಾಂತಾ ಆನಾ’ ಶರಣಾಯಿತು. ಇವನ ಹಡಗಿನ ಹಾಯಿಗಂಬಗಳೂ ಉರುಳಿದ್ದವು. ೪೭ ಜನ ಸತ್ತು ೯೪ ಜನ ಗಾಯಗೊಂಡಿದ್ದರು. ಅವನ ಕಾಲಿಗೂ ಗಾಯವಾಗಿತ್ತು. ಅದನ್ನವನು ಗಾಯಾಳುಗಳ ಪಟ್ಟಿಯಲ್ಲಿ ಸೇರಿಸಲಿಲ್ಲ. ನೆಲ್ಸನ್ ಗಾಯಗೊಂಡ ಸುದ್ದಿಯನ್ನು ತಂದ ಅಧಿಕಾರಿಯ ಮುಖ ನೋಡಿಯೇ ಇವನಿಗೆ ಉಳಿದುದೆಲ್ಲ ತಿಳಿಯಿತು. ಮೂವತ್ತು ವರ್ಷದ ಗೆಳೆತನಕ್ಕೆ ಅಳಲು ಅಂದು ಸಮಯವಿರಲಿಲ್ಲ, ಆದರೂ ಅತ್ತನು.

ಇಲ್ಲಿಂದ ಮುಂದೆ ಅವನ ಮೇಲಿನ ದೊಡ್ಡ ಆಕ್ಷೇಪಣೆ. ಕಾಳಗ ಮುಗಿದೊಡನೆ ಹಡಗುಗಳೆಲ್ಲ ಲಂಗರು ಹಾಕಬೇಕೆಂಬುದು ಸಾಯುತ್ತಿದ್ದ ನೆಲ್ಸನ್ನನ ಅಪ್ಪಣೆ. ಕಾಲಿಂಗ್‌ವುಡ್ ಆ ಸಂಜೆ ಹಾಗೆ ಮಾಡಿಸಲಿಲ್ಲ. ಬಿರುಗಾಳಿ ಬಂದು ದಿನಗಟ್ಟಲೆ ಬಡಿಯಿತು. ಸೆರೆಸಿಕ್ಕಿದ್ದ ಹದಿನೇಳು ಹಡಗುಗಳಲ್ಲಿ ಕೊನೆಗೆ ಕೈಯಲ್ಲುಳಿದವು ನಾಲ್ಕು. ಉಳಿದವು ಮುಳುಗಿದವು, ಬಂಡೆಗೆ ಬಡಿದವು, ಶತ್ರುವಿಗೆ ಮರಳಿ ಸಿಕ್ಕಿದವು, ಇಲ್ಲವೆ ಇವನೇ ಸುಡಿಸಿದನು, ಮುಳುಗಿಸಿದನು. ಲಂಗರು ಹಾಕಿದ ಕೆಲವು ಹಡಗುಗಳು ಉಳಿದುಕೊಂಡವು ಎಂಬುದು ನಿಜ. ಆದ್ದರಿಂದ ಆಕ್ಷೇಪಣೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಲಂಗರುಗಳೂ ಅವುಗಳ ಹಗ್ಗಗಳೂ ಗುಂಡಿಗೆ ತುಂಡಾಗಿದ್ದ ಹಡಗುಗಳು ಬಹಳವಿದ್ದವು. ಅವನ್ನು ಎಳೆದುಕೊಂಡು ಆದಷ್ಟು ದಡದಿಂದ ದೂರ ಹೋಗುವುದೇ ಕ್ಷೇಮವೆಂದು ಅವನಿಗೆ ಕಂಡಿತು. ಗೆದ್ದ ಹಡಗುಗಳೆಂದರೆ ಬಹುಮಾನದ ಹಣ; ಅವನ್ನು ಬಿಟ್ಟುಕೊಡುವುದರಿಂದ ಮೊದಲು ನಷ್ಟವಾಗುತ್ತಿದ್ದುದು ಅವನಿಗೇ. ಹಡಗು ಹೋಗಲಿ, ಒಳಗಿನ ಜನ ಉಳಿಯಲಿ ಎಂದು ಆ ಅಲೆಗಳಲ್ಲಿ ದೋಣಿಗಳನ್ನಿಳಿಸಿ ಶತ್ರುಗಳನ್ನೂ ಎತ್ತಿಸಿದನು. ಇಂಗ್ಲಿಷರ ಹಡಗು ಒಂದೂ ಮುಳುಗಲಿಲ್ಲ. ನೆಲ್ಸನ್ ಬದುಕಿದ್ದರೆ ಇದಕ್ಕಿಂತ ಚೆನ್ನಾಗಿ ನಡೆಯುತ್ತಿತ್ತೆ? ನಡೆಯುತ್ತಿತ್ತೆಂದು ಹೇಳುವವರು ಆ ರಾತ್ರಿ ಅಲ್ಲಿ ಇದ್ದವರಲ್ಲ.

ಗಾಯಗೊಂಡ ಸ್ಪೇನಿನ ಸೆರೆಯಾಳುಗಳನ್ನು ಅವನು ಕಾಡಿಜ್ ನಗರಕ್ಕೆ ಹಿಂದಿರುಗಿಸಿದನು. ಅಲ್ಲಿನ ಅಧಿಪತಿ ಪ್ರತಿಯಾಗಿ ಇಂಗ್ಲಿಷ್ ಗಾಯಾಳುಗಳಿಗೆ ತನ್ನ ಆಸ್ಪತ್ರೆಗಳನ್ನು ತೆರೆಯುವೆನೆಂದು ತಿಳಿಸಿದನು. ಮೂರು ವರ್ಷದ ಮೇಲೆ ಸ್ಪೇನ್ ನೆಪೋಲಿಯನ್ನನ ವಿರುದ್ಧ ತಿರುಗಿಬಿದ್ದಾಗ ಕಾಲಿಂಗ್‌ವುಡ್ ಕಾಡಿಜಿನಲ್ಲಿ ಇಳಿದನು. ವರ್ಷಗಟ್ಟಲೆ ಯಾರ ಬಂದರಿಗೆ ದಿಗ್ಬಂಧನ ಹಾಕಿದ್ದನೋ ಆ ಜನವೇ ಬೀದಿ ತುಂಬ ನೆರೆದು ಅವನನ್ನು ಸ್ವಾಗತಿಸಿತು.

ಟ್ರಫಾಲ್ಗರ್ ವರದಿಯನ್ನು ‘ಯೂರಿಯಾಲಸ್’ ಹಡಗಿನಲ್ಲಿ ಕುಳಿತು ಬರೆದವನು ಅವನೇ. ‘ಪಿಕಲ್’ ಎಂಬ ಸಣ್ಣ ಹಡಗು ಅದನ್ನು ಹೊತ್ತು ತಂದಿತು. ನವೆಂಬರ್ ೬ರಂದು ಅದು ಲಂಡನ್ ಸೇರಿತು. ಅದರ ಶೈಲಿಯನ್ನು ಕಂಡು ಮೂರನೆಯ ಜಾರ್ಜ್ ದೊರೆ ಬೆರಗಾಗಿ, ಸಮುದ್ರದ ಮೇಲೆ ಬೆಳೆದವನಿಗೆ ಇಷ್ಟು ಚೆನ್ನಾಗಿ ಬರೆಯಲು ಎಲ್ಲಿಂದ ಬಂತೆಂದು ವಿಚಾರಿಸಿದನಂತೆ. ಮೊಯ್ಸಸ್ ಪಾದ್ರಿಯ ಶಿಷ್ಯನೆಂದು ತಿಳಿದ ಮೇಲೆ ದೊರೆಯ ಸಂದೇಹ ಪರಿಹಾರವಾಯಿತಂತೆ. ಇದನ್ನು ಹೇಳಿದವನು ಅದೇ ಶಾಲೆಯ ಎಲ್ಡನ್ ಪ್ರಭು. ನಮ್ಮ ಅಧ್ಯಾಪಕ ವರ್ಗ ಓದಬೇಕೆಂದೇ ಇದನ್ನಿಲ್ಲಿ ಸೇರಿಸಿದ್ದೇನೆ.

ದೊರೆ ಅವನಿಗೆ ಪ್ರಭುಪದವಿಯನ್ನು ಕೊಟ್ಟನು. ಗಂಡುಮಕ್ಕಳಿಲ್ಲದ್ದರಿಂದ ಅದು ಹೆಣ್ಣುಮಕ್ಕಳಿಗೆ ಸಲ್ಲಲೆಂದು ಬೇಡಿದನು, ನಡೆಯಲಿಲ್ಲ. ತನ್ನ ನಾಯಿಗೆ ಮಾತ್ರ ಪ್ರಭುವಿನ ನಾಯಿಯೆಂಬ ಜಂಬ ಬಂದುಬಿಟ್ಟಿದೆಯೆಂದು ಊರಿಗೆ ಬರೆದನು. ಪ್ರಭುಗಳ ಸಭೆಯಲ್ಲಿ ಅವನು ಒಂದು ದಿನವೂ ಕೂರಲಿಲ್ಲ. ಕೂರಲು ಇಂಗ್ಲೆಂಡಿಗೆ ಬರಬೇಕಲ್ಲ!

ಮುಂದಿನ ನಾಲ್ಕೂವರೆ ವರ್ಷ ಮೆಡಿಟರೇನಿಯನ್ ಸಮುದ್ರವೆಲ್ಲ ಅವನ ವಶ. ಕಾಳಗಗಳಿಲ್ಲದ ಕೆಲಸ ಇದು. ಫ್ರೆಂಚರು ತೂಲಾನ್ ಬಂದರಿನಿಂದ ಹೊರಬರದಂತೆ ಕಾಯುವುದು. ಸಿಸಿಲಿ, ತುರ್ಕಿ, ಈಜಿಪ್ಟ್, ಆಲ್ಜಿಯರ್ಸ್ ಎಂದು ಹತ್ತು ರಾಜ್ಯಗಳೊಡನೆ ಪತ್ರವ್ಯವಹಾರ. ಒಂದು ಸಲ ೨೨ ತಿಂಗಳ ಕಾಲ ಲಂಗರನ್ನೇ ಹಾಕದೆ ಸಮುದ್ರದಲ್ಲಿದ್ದನಂತೆ. ಅಂತಹ ದೀರ್ಘ ಕಾವಲಿನಲ್ಲಿಯೂ ೮೦೦ ಜನರಿದ್ದ ಅವನ ಹಡಗಿನಲ್ಲಿ ಕಾಯಿಲೆ ಬಿದ್ದವರು ಸಾಮಾನ್ಯವಾಗಿ ನಾಲ್ವರು, ಹೆಚ್ಚೆಂದರೆ ಆರು ಮಂದಿ. ಹಿಂದೆ ೧೮೦ ಜನರನ್ನು ಹೂಳಿದ ನೆನಪು ಅವನನ್ನು ಬಿಟ್ಟಿರಲಾರದು. ದೋಷವೂ ಇತ್ತು: ಎಲ್ಲವನ್ನೂ ತಾನೇ ಬರೆಯಬೇಕು, ತಾನೇ ನೋಡಬೇಕು. ೧೮೦೮ರಲ್ಲಿ ಫ್ರೆಂಚ್ ದಳವೊಂದು ತೂಲಾನಿನಿಂದ ನುಸುಳಿ ಕಾರ್ಫು ದ್ವೀಪದವರೆಗೆ ಹೋಗಿ ಮರಳಿ ಬಂದಿತು. ಅದು ಅವನ ಕೈಗೆ ಸಿಗಲಿಲ್ಲ. ಆ ಕೊರಗು ಉಳಿಯಿತು.

ಮನೆಗೆ ಪತ್ರಗಳು ಹೋಗುತ್ತಲೇ ಇದ್ದವು. ಹೆಣ್ಣುಮಕ್ಕಳು ಕಾದಂಬರಿಗಳನ್ನು ಬಿಟ್ಟು ಇತಿಹಾಸ, ಪ್ರವಾಸಕಥನಗಳನ್ನು ಓದಲಿ, ರೇಖಾಗಣಿತ ಕಲಿಯಲಿ, ಅಕ್ಷರ ದುಂಡಾಗಿ ಬರೆಯಲಿ ಎಂದು ಹೇಳುವ ತಂದೆ, ಅವರು ಬೆಳೆದು ಹೇಗೆ ಕಾಣುತ್ತಿರುವರೆಂದು ಅರಿಯನು. ೧೮೦೮ರ ಹೊತ್ತಿಗೆ ಹೊಟ್ಟೆಯ ಬೇನೆ ಹೆಚ್ಚಿ, ತನ್ನನ್ನು ಬಿಡಿಸಬೇಕೆಂದು ಕೇಳಿಕೊಂಡನು. ಅವನ ಸ್ಥಾನಕ್ಕೆ ತಕ್ಕವರು ಇನ್ನೊಬ್ಬರಿಲ್ಲ, ಇನ್ನಷ್ಟು ಕಾಲ ಇರಬೇಕು ಎಂದು ಲಂಡನ್ನಿನಿಂದ ಉತ್ತರ ಬಂದಿತು. ಅದು ಹೊಗಳಿಕೆಯೂ ಹೌದು, ಮರಣಶಾಸನವೂ ಹೌದು. ೧೮೦೯ರಲ್ಲಿ ಒಂದು ರಾತ್ರಿ ಮುದಿ ಬೌನ್ಸ್ ಹಡಗಿನಿಂದ ಬಿದ್ದು ಸಮುದ್ರದ ಪಾಲಾಯಿತು.

ಕೊನೆಗೆ ಹೊರಡಲು ಅನುಮತಿ ಬಂದಾಗ ಎದ್ದು ನಿಲ್ಲುವ ಶಕ್ತಿಯಿರಲಿಲ್ಲ. ಮಿನಾರ್ಕ ದ್ವೀಪದ ಮಹೋನ್ ಬಂದರಿನಲ್ಲಿ ಗಾಳಿ ಎದುರಾಗಿ ಕೆಲವು ದಿನ ಕಾಯಬೇಕಾಯಿತು. ೧೮೧೦ರ ಮಾರ್ಚ್ ೬ರಂದು ‘ವಿಲ್ ದ ಪಾರಿ’ ಹಡಗು ಬಂದರು ಬಿಟ್ಟಿತು. ಸಮುದ್ರಕ್ಕೆ ಬಂದೆವೆಂದು ಹೇಳಿದಾಗ, ಹಾಗಾದರೆ ಫ್ರೆಂಚರನ್ನು ಇನ್ನೊಮ್ಮೆ ಎದುರಿಸಲು ಬದುಕಿರಬಹುದು ಎಂದನಂತೆ. ಮರುದಿನ ಅಲೆಗಳು ಜೋರಾದವು. ಹಡಗಿನ ಓಲಾಟದಿಂದ ತೊಂದರೆಯಾಗುತ್ತಿದೆಯೇ ಎಂದು ಕ್ಯಾಪ್ಟನ್ ಕೇಳಲು, ಈ ಲೋಕದ ಯಾವುದೂ ಇನ್ನು ತನ್ನನ್ನು ತೊಂದರೆಪಡಿಸಲಾರದೆಂದನು. ಅಂದೇ ಸಂಜೆ ತೀರಿಕೊಂಡನು. ನೌಕಾದಳದಲ್ಲಿ ಕಳೆದ ಐವತ್ತಕ್ಕೆ ಸಮೀಪದ ವರ್ಷಗಳಲ್ಲಿ ನಲವತ್ತನಾಲ್ಕು ವರ್ಷ ಸೇವೆಯಲ್ಲಿದ್ದನು, ಅದರಲ್ಲಿ ಬಹುಪಾಲು ಪರದೇಶದ ನೀರಿನ ಮೇಲೆ.

ಲಂಡನ್ನಿನ ಸೇಂಟ್ ಪಾಲ್ ದೇವಾಲಯದಲ್ಲಿ ಅವನನ್ನು ನೆಲ್ಸನ್ನನ ಹತ್ತಿರವೇ ಸಮಾಧಿ ಮಾಡಿದರು. ೧೮೨೮ರಲ್ಲಿ ಅವನ ಅಳಿಯ ಪತ್ರಗಳನ್ನು ಪ್ರಕಟಿಸಿದನು. ಮನುಷ್ಯನು ಹೇಗಿದ್ದನೆಂಬುದು ಲೋಕಕ್ಕೆ ತಿಳಿದದ್ದು ಅವುಗಳಿಂದ. ಸ್ಕಾಟ್‌ಲೆಂಡಿನ ಗಡಿಯ ಹತ್ತಿರ ಹೆತ್‌ಪೂಲ್ ಎಂಬಲ್ಲಿ ಅವನಿಗೊಂದು ಸಣ್ಣ ಆಸ್ತಿಯಿತ್ತು. ಅವನ ವಿಧವೆ ಅಲ್ಲಿನ ಗುಡ್ಡದಲ್ಲಿ ಓಕ್ ಮರಗಳನ್ನು ನೆಡಿಸಿದಳು. ಅವು ಬಲಿಯುವಷ್ಟರಲ್ಲಿ ಯುದ್ಧದ ಹಡಗುಗಳನ್ನು ಕಬ್ಬಿಣದಿಂದ ಕಟ್ಟುವ ಕಾಲ ಬಂದಿತ್ತು. ಅವನ ಹೆಸರಿನ ಆ ಓಕ್‌ಗಳನ್ನು ಹಡಗಿಗಾಗಿ ಯಾರೂ ಕಡಿಯಲಿಲ್ಲ.